ಮೇಲಿನ ಬಾವಿಯ ಹಸಿರು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಇದು ಹುಟ್ಟುಗುಣವೋ ಕೆಲಸದಿಂದ ಅಂಟಿಕೊಂಡದ್ದೋ ಗೊತ್ತಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನೀರು ಪರೀಕ್ಷೆ ಮಾಡುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಜಿನ ಲೋಟದಲ್ಲಿ ಫಳಫಳ ಹೊಳೆಯುವ ನೀರನ್ನು ಕಂಡರೆ ಉಳಿದವರಿಗೆ ಬಾಯಾರಿಕೆಯಾಗುತ್ತದೆ, ನನಗೆ ಅನುಮಾನವಾಗುತ್ತದೆ. ನನ್ನ ಗಂಡನಿಗೂ ಇದೇ ಕೆಲಸ, ಇದೇ ಕಚೇರಿ. ಮದುವೆಯಾದ ಹೊಸದರಲ್ಲಿ ನೆಂಟರು ತಮಾಷೆ ಮಾಡುತ್ತಿದ್ದರು: "ಇವಳು ಅತ್ತರೆ ಅವನು ಕಣ್ಣೊರೆಸೋಲ್ಲ, ಬಾಟಲಿ ಹಿಡೀತಾನೆ." ಆಗ ನಗು ಬರುತ್ತಿತ್ತು.

ಕೆಳಬೀದಿಯಲ್ಲಿ ಒಂದು ಒರತೆ ಇದೆ. ಗುಡ್ಡದ ಬುಡದ ಬಂಡೆ ಬಿರುಕಿನಿಂದ ನೀರು ಬಂದು ಕಲ್ಲಿನ ತೊಟ್ಟಿಗೆ ಬೀಳುತ್ತದೆ. ಬಿರುಕಿಗೆ ಕಬ್ಬಿಣದ ಸರಳಿನ ಬಾಗಿಲು, ಅದರ ಬೀಗದ ಕೈ ನಮ್ಮ ಕಚೇರಿಯಲ್ಲಿ. ಬೀದಿಯವರೆಲ್ಲ ಕುಡಿಯುವುದು ಅದೇ ನೀರು. ಒಂದು ವರ್ಷದಿಂದ ಅಲ್ಲಿನ ಮಕ್ಕಳಿಗೆ ಬಿಟ್ಟೂ ಬಿಡದೆ ವಾಂತಿ, ಭೇದಿ. ತೊಟ್ಟಿಯ ಎದುರು ಮನೆಯ ಪುಟ್ಟ ಹುಡುಗಿಯೊಬ್ಬಳು ಆಸ್ಪತ್ರೆ ಸೇರಿ ಸೇರಿ ಕಡ್ಡಿಯಾಗಿದ್ದಳು. ಅವಳ ತಾಯಿ ನನ್ನನ್ನು ಕಂಡಾಗಲೆಲ್ಲ ಕೊಡವನ್ನು ಎತ್ತಿ ಹಿಡಿದು ಕೇಳುತ್ತಿದ್ದಳು: "ಕುಡೀಬಹುದಾ ಮೇಡಂ? ಇಲ್ವಾ? ಒಂದು ಮಾತು ಹೇಳಿ, ಸಾಕು."

ಆ ಒಂದು ಮಾತು ಹೇಳುವುದೇ ಕಷ್ಟವಾಗಿತ್ತು. ಗುಡ್ಡದ ಮೇಲೆ ನನ್ನ ಭಾವನ, ಅಂದರೆ ಗಂಡನ ಅಣ್ಣನ, ದೊಡ್ಡ ಲಾಂಡ್ರಿ ಇದೆ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳೆಲ್ಲ ಅಲ್ಲಿಗೇ ಹೋಗುತ್ತವೆ. ಒಗೆದ ಕೊಳೆನೀರು ಹಿತ್ತಲಿನ ಒಂದು ಗುಂಡಿಗೆ ಬಿದ್ದು ಮಾಯವಾಗುತ್ತದೆ. ಗುಡ್ಡ ಪೂರ್ತಿ ಸುಣ್ಣಕಲ್ಲಿನದು. ಸುಣ್ಣಕಲ್ಲು ಒಳಗೊಳಗೇ ಕರಗಿ ಕೊಳವೆಗಳಾಗಿರುತ್ತವೆ. ಅಲ್ಲಿ ಮೇಲಿನ ನೀರು ಸೋಸಿಕೊಳ್ಳದೆ ನೇರವಾಗಿ ಕೆಳಗಿನ ಒರತೆಗೆ ಓಡಬಹುದು. ಒರತೆಯಲ್ಲಿ ಸೋಪಿನ ಅಂಶ ಸಿಕ್ಕಿದೆ ಎಂದು ಹೇಳಿದ್ದಕ್ಕೆ ಭಾವ ಜೋರಾಗಿ ನಕ್ಕಿದ್ದರು.

"ಊರಲ್ಲಿ ನಾನೊಬ್ಬನೇನಾ ಸೋಪು ಹಾಕೋದು? ನೀವ್ಯಾರೂ ಸ್ನಾನ ಮಾಡಲ್ವಾ?"

ಈ ಮನುಷ್ಯನೇ ಒಮ್ಮೆ ಊಟಕ್ಕೆ ಕೂತಾಗ ಎಲ್ಲರೆದುರು, "ನೀರು ನೋಡ್ತಾ ಕೂರೋಕೂ ಸಂಬಳ ಕೊಡ್ತಾರಾ?" ಎಂದು ಕೇಳಿದ್ದು. ಅಂದಿನಿಂದ ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಲಾಂಡ್ರಿಯ ಗುಂಡಿ ಮುಚ್ಚಿಸದೆ ಬಿಡುವುದಿಲ್ಲ ಎಂದು ಮನೆಯಲ್ಲಿ ನಾನು ಹೇಳದ ದಿನವಿರಲಿಲ್ಲ.

ಮುಚ್ಚಿಸಬೇಕಾದರೆ ಒಂದೇ ದಾರಿ. ಗುಂಡಿಗೆ ಬಣ್ಣ ಸುರಿಯುವುದು, ಅದು ಒರತೆಯಲ್ಲಿ ಬರುತ್ತದೋ ಎಂದು ಕಾಯುವುದು. ಬಣ್ಣ ಪುಡಿಯಾಗಿದ್ದಾಗ ಇಟ್ಟಿಗೆ ಕೆಂಪು, ನೀರಿಗೆ ಬಿದ್ದರೆ ಹಸಿರು. ಕುಡಿದರೆ ಏನೂ ಆಗುವುದಿಲ್ಲ. ಅಳತೆ ನೋಡಿ ಸುರಿದರೆ ಕಣ್ಣಿಗೆ ಕಾಣುವುದೂ ಇಲ್ಲ. ಅದಕ್ಕಾಗಿ ಇದ್ದಿಲಿನ ಚೂರು ತುಂಬಿದ ಬಲೆಬಟ್ಟೆಯ ಪುಟ್ಟ ಪೊಟ್ಟಣಗಳನ್ನು ನೀರಿನಲ್ಲಿ ಕಟ್ಟಿ ಬಿಡುತ್ತೇವೆ. ಇದ್ದಿಲು ಬಣ್ಣವನ್ನು ಹೀರಿಕೊಂಡು ಹಿಡಿದಿಡುತ್ತದೆ. ಆಮೇಲೆ ಪೊಟ್ಟಣವನ್ನು ಒಂದು ದ್ರಾವಣದಲ್ಲಿ ನೆನೆಸಿ, ಅಂಗಡಿಗಳಲ್ಲಿ ಖೋಟಾ ನೋಟು ಹಿಡಿಯಲು ಇಟ್ಟುಕೊಂಡಿರುತ್ತಾರಲ್ಲ, ಅಂಥ ನೇರಳೆ ದೀಪ ಬಿಟ್ಟರೆ ಹಸಿರು ಹೊಳೆಯುತ್ತದೆ.

ಈ ಬಣ್ಣದಷ್ಟು ಚಾಡಿಕೋರ ವಸ್ತು ಇನ್ನೊಂದಿಲ್ಲ. ಕಣ್ಣಿಗೆ ಕಾಣದ ಒಂದು ಕಣ ಬೆರಳಿನಲ್ಲಿದ್ದರೂ ಸಾಕು, ಪೊಟ್ಟಣ ಸುಳ್ಳು ಹೇಳುತ್ತದೆ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಬಣ್ಣ ಸುರಿದವರು ಪೊಟ್ಟಣದ ಹತ್ತಿರ ಸುಳಿಯುವಂತಿಲ್ಲ, ಪೊಟ್ಟಣ ಮುಟ್ಟುವವರು ಬಣ್ಣ ಸುರಿದವರ ಗಾಳಿಯನ್ನೂ ತಾಕಿಸಿಕೊಳ್ಳುವಂತಿಲ್ಲ. ಪುಟ್ಟ ಕಚೇರಿ, ಈ ಕೆಲಸ ಬಲ್ಲವರು ನಾವಿಬ್ಬರೇ. ಬಣ್ಣ ಸುರಿಯಲು ಲಾಂಡ್ರಿಯ ಗೇಟು ತೆರೆಯಬೇಕಲ್ಲ. ತಮ್ಮನಿಗಲ್ಲದೆ ಬೇರೆ ಯಾರಿಗೂ ಭಾವ ತೆರೆಯುತ್ತಿರಲಿಲ್ಲ. ಹಾಗಾಗಿ ಸುರಿಯುವುದು ನನ್ನ ಗಂಡ, ಪೊಟ್ಟಣ ನಾನು ಎಂದು ಮುಖ್ಯಸ್ಥರು ತೀರ್ಮಾನಿಸಿದರು. ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ ಜರಡಿ ಎನ್ನುತ್ತೇವೆ. ಏನು ಹೇಳಿದರೂ ಅರ್ಧ ಉದುರಿಹೋಗುತ್ತದೆ.

"ಸಾರ್, ಅವರ ಅಣ್ಣನ ಜಾಗ ಅದು," ಎಂದೆ.

"ನಿಮ್ಮ ಗಂಡನ ಮೇಲೆ ನಿಮಗೇ ಅನುಮಾನಾನಾ?" ಎಂದು ಜರಡಿ ನಕ್ಕರು.

ಪಕ್ಕದಲ್ಲೇ ನಿಂತಿದ್ದ ನನ್ನ ಗಂಡ ನಗಲಿಲ್ಲ. ನನ್ನ ಮುಖವನ್ನು ಮಾತ್ರ ನೋಡಿದರು. ನಾನು, "ಹಾಗಲ್ಲ ಸಾರ್," ಎಂದು ತೇಲಿಸಿಬಿಟ್ಟೆ.

ಮನೆ ಎರಡು ಪಾಲಾಯಿತು. ಬಣ್ಣದ ಡಬ್ಬಿ ಕಚೇರಿಯ ಉಗ್ರಾಣದಲ್ಲಿದ್ದುದರಿಂದ ಪೊಟ್ಟಣಗಳ ಪೆಟ್ಟಿಗೆಯನ್ನು ಅಲ್ಲಿಡದೆ ಮನೆಗೆ ತಂದು ನನ್ನ ಕೋಣೆಯ ಬೀರುವಿನಲ್ಲಿಟ್ಟೆ. ಬೇರೆ ಬಾಗಿಲು, ಬೇರೆ ಬಚ್ಚಲು ಇರುವ ಮುಂದಿನ ಕೋಣೆಗೆ ಅವರು ಹಾಸಿಗೆ ಸುತ್ತಿಕೊಂಡು ಹೋದರು. ಅವರು ಸ್ಕೂಟರಿನಲ್ಲಿ, ನಾನು ಬಸ್ಸಿನಲ್ಲಿ. ಅವರ ತಟ್ಟೆ, ಲೋಟ, ಸೋಪು ಎಲ್ಲ ಬೇರೆ. ಇಬ್ಬರ ನಡುವೆ ಓಡಾಡಿ ಊಟ ಕೊಡುತ್ತಿದ್ದವರು ಅತ್ತೆ. ನೆರೆಮನೆಯವರು ಇವರಿಗೇನೋ ಜಗಳವಾಗಿದೆ ಎಂದು ಖುಷಿಯಾಗಿ ಕಿವಿ ನಿಮಿರಿಸಿಕೊಂಡರು.

ಅತ್ತೆಗೆ ನನ್ನ ಕೆಲಸವೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಈ ಸಲ ಮಾತ್ರ ಅವರು ಕೂರಿಸಿಕೊಂಡು ಕೇಳಿದರು. ಬಣ್ಣ ಎಂದರೇನು, ಪೊಟ್ಟಣ ಹೇಗೆ ಹಿಡಿಯುತ್ತದೆ, ಏನಾದರೆ ಕೆಡುತ್ತದೆ? ನಾನೂ ಉಬ್ಬಿಹೋಗಿ ಹೇಳಿದೆ. "ಒಂದೇ ಒಂದು ಸಲ ಬಣ್ಣದ ಕೈ ಸೋಕಿದ್ರೂ ಸಾಕು ಅತ್ತೆ, ಅಷ್ಟೂ ಪೊಟ್ಟಣ ದಂಡ. ಪರೀಕ್ಷೆನೇ ಬಿದ್ದುಹೋಗುತ್ತೆ."

"ಅಯ್ಯೋ, ಅಷ್ಟು ನಾಜೂಕಾ?" ಎಂದು ಅವರು ಅಚ್ಚರಿಪಟ್ಟರು. ಇಷ್ಟು ವರ್ಷಕ್ಕಾದರೂ ಸೊಸೆಯ ಬೆಲೆ ತಿಳಿಯಿತಲ್ಲ ಎಂದುಕೊಂಡೆ.

ನನ್ನ ಗಂಡ ಬಣ್ಣ ಸುರಿದು ಬಂದ ಸಂಜೆ ಕಿಟಕಿಯಿಂದ ನೋಡಿದೆ. ಅಂಗಳದಲ್ಲೇ ನಿಂತು ಕೈಗವಸು, ಮೇಲಂಗಿ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಅತ್ತೆ ಅದನ್ನು ಕಸಕ್ಕೆ ಹಾಕುತ್ತೇನೆಂದು ತೆಗೆದುಕೊಂಡರು. ಗಂಡನ ಮುಖದಲ್ಲಿ ಏನೋ ಮುಚ್ಚಿಡುತ್ತಿರುವ ಕಳೆಯಿತ್ತು. ಹೆಂಡತಿಯಾದವಳಿಗೆ ಅಷ್ಟು ಗೊತ್ತಾಗದೆ? ಸುರಿದರೋ ಇಲ್ಲವೋ ಎಂಬ ಹುಳ ಆಗಲೇ ತಲೆಗೆ ಹೊಕ್ಕಿತು. ಬಾಗಿಲಾಚೆಯಿಂದ ಕೇಳಿದೆ:

"ಎಲ್ಲ ಸರಿಯಾಗಿ ಆಯ್ತೇನ್ರೀ?"

"ಆಯ್ತು."

"ಅಳತೆ ಪ್ರಕಾರ?"

ಒಳಗೆ ನಲ್ಲಿ ತಿರುಗಿಸಿದ ಸದ್ದು. "ಆಯ್ತು ಅಂದ್ನಲ್ಲ," ಎಂದರು.

ಅದಾದ ಮೇಲೆ ನನಗೆ ಅವರು ಮಾಡಿದ್ದೆಲ್ಲ ವಿಚಿತ್ರವಾಗಿ ಕಾಣತೊಡಗಿತು. ಅಣ್ಣನ ಫೋನು ಬಂದರೆ ಹೊರಗೆ ಹೋಗಿ ಮಾತಾಡುತ್ತಾರೆ. ಮೊದಲೂ ಹೋಗುತ್ತಿದ್ದರೋ ಏನೋ, ನಾನು ಗಮನಿಸಿರಲಿಲ್ಲ. ಒಂದು ದಿನ ಬಸ್ಸಿನಿಂದ ಇಳಿದು ಬರುವಾಗ ನನ್ನ ಕೋಣೆಯ ಕಿಟಕಿಯ ಹೊರಗೆ ನಿಂತು ಒಳಗೆ ಇಣುಕುತ್ತಿದ್ದರು. ನನ್ನನ್ನು ಕಂಡು, "ಕಿಟಕಿ ಹಾಕಿದ್ಯಾ ಅಂತ ನೋಡ್ದೆ," ಎಂದರು. ಹೊರಗೆ ಬಿಸಿಲು ಹೊಡೆಯುತ್ತಿತ್ತು. ಆ ಉತ್ತರ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಬಣ್ಣ ಸುರಿದ ಮರುದಿನ ನಾನು ನೀರಿಗೆ ಬಿಟ್ಟಿದ್ದ ಮೊದಲ ಕಂತಿನ ಪೊಟ್ಟಣಗಳನ್ನು ತಂದೆ. ಕೆಳಬೀದಿಯ ಒರತೆಯದು, ಅದರ ಕೆಳಗಿನ ತೊರೆಯದು, ಜೊತೆಗೆ ಗುಡ್ಡದ ಮೇಲಿನ ಬಾವಿಯದು. ಆ ಬಾವಿ ಲಾಂಡ್ರಿಗಿಂತಲೂ ಎತ್ತರದಲ್ಲಿದೆ. ನೀರು ಗುಡ್ಡ ಹತ್ತುವುದಿಲ್ಲ, ಹಾಗಾಗಿ ಗುಂಡಿಯ ಬಣ್ಣ ಅಲ್ಲಿಗೆ ಹೋಗುವ ಮಾತೇ ಇಲ್ಲ. ನಾವು ಅಲ್ಲಿ ಪೊಟ್ಟಣ ಬಿಡುವುದು ನಮ್ಮನ್ನೇ ನಾವು ನಂಬದೆ. ಅದು ಹೊಳೆದರೆ ಎಲ್ಲೋ ನಮ್ಮ ಕೈಯಲ್ಲೇ ಕೊಳೆಯಿದೆ ಎಂದು ಅರ್ಥ.

ಕಾಲೇಜಿನ ಪ್ರಯೋಗಾಲಯದಲ್ಲಿ ಕೇಳಿ ಪಡೆದಿದ್ದ ಮೂಲೆಯಲ್ಲಿ ದೀಪ ಹೊತ್ತಿಸಿದೆ. ಒರತೆಯದು ಹಸಿರು. ತೊರೆಯದು ಹಸಿರು. ಖುಷಿಯಿಂದ ಕೂಗಬೇಕು ಅನ್ನುವಷ್ಟರಲ್ಲಿ ಮೇಲಿನ ಬಾವಿಯದಕ್ಕೆ ದೀಪ ಹಿಡಿದೆ. ಅದೂ ಹಸಿರು! ಪೆಟ್ಟಿಗೆಯಲ್ಲಿ ಮಿಕ್ಕಿದ್ದ, ನೀರಿನ ಮುಖವನ್ನೇ ಕಾಣದ ಒಂದು ಪೊಟ್ಟಣವನ್ನು ನೆನೆಸಿ ನೋಡಿದೆ. ಅದು ಎಲ್ಲಕ್ಕಿಂತ ಹೆಚ್ಚು ಹೊಳೆಯಿತು.

ಅಂದರೆ ಪೊಟ್ಟಣಗಳು ನೀರಿಗಿಳಿಯುವ ಮೊದಲೇ, ನನ್ನ ಬೀರುವಿನಲ್ಲೇ ಕೆಟ್ಟಿದ್ದವು. ಪರೀಕ್ಷೆ ಬಿತ್ತು. ಇನ್ನೊಮ್ಮೆ ಮಾಡಲು ಭಾವ ಗೇಟು ತೆರೆಯುವುದಿಲ್ಲ. ಆ ಪುಟ್ಟ ಹುಡುಗಿ ಅದೇ ನೀರು ಕುಡಿಯುತ್ತಾ ಇರಬೇಕು. ನನಗೆ ಅಳುವಿಗಿಂತ ಸಿಟ್ಟು ಹೆಚ್ಚಾಗಿ ಬಂತು. ಮನೆಯಲ್ಲಿ ಬಣ್ಣ ಮುಟ್ಟಿದ ಮನುಷ್ಯ ಒಬ್ಬರೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ನೆಟ್ಟಗೆ ಜರಡಿಯ ಕೋಣೆಗೆ ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪೆಟ್ಟಿಗೆ ಎಲ್ಲಿತ್ತು?"

"ಮನೇಲಿ ಸಾರ್. ನನ್ನ ಬೀರುವಲ್ಲಿ."

"ಮನೇಲಿ ಬಣ್ಣ ಮುಟ್ಟಿದವರು?"

"ನನ್ನ ಗಂಡ."

"ಏನೋ ಕೈತಪ್ಪಿ ಆಗಿರಬೇಕು ಬಿಡಿ, ಪಾಪ."

ಅಲ್ಲಿಗೆ ನಿಲ್ಲಿಸಬಹುದಿತ್ತು. "ಅವರದ್ದು ಕೈತಪ್ಪೋ ಕೈಯಲ್ಲ ಸಾರ್," ಎಂದೆ. "ಇಷ್ಟು ವರ್ಷದಲ್ಲಿ ಒಂದು ಹನಿ ಆಚೀಚೆ ಚೆಲ್ಲಿದವರಲ್ಲ. ಬೇಕಂತಲೇ ಮಾಡಿದಾರೆ. ಅಣ್ಣನಿಗೋಸ್ಕರ."

ಜರಡಿ ನನ್ನ ಗಂಡನನ್ನು ಕರೆಸಿ ನನ್ನೆದುರೇ ಕೇಳಿದರು. ನಾನು ಹೇಳಿದ ಮಾತು ಈ ಸಲ ಒಂದೂ ಉದುರದೆ ಅವರಿಗೆ ತಲುಪಿತು. ಅವರು ನನ್ನನ್ನು ತುಂಬ ಹೊತ್ತು ನೋಡಿದರು. ಕೂಗಾಡಬಹುದು, ಆಣೆ ಮಾಡಬಹುದು ಎಂದುಕೊಂಡಿದ್ದೆ.

"ನಂದೇನೂ ಹೇಳೋದಿಲ್ಲ ಸಾರ್," ಎಂದರು.

"ಅಂದ್ರೆ ಒಪ್ಕೋತೀರಾ?"

"ಹೇಳೋದಿಲ್ಲ ಅಂದೆ, ಅಷ್ಟೇ."

ತನಿಖೆ ಮುಗಿಯುವವರೆಗೆ ಕಚೇರಿಗೆ ಬರಕೂಡದೆಂದು ಅವರಿಗೆ ಅಪ್ಪಣೆಯಾಯಿತು. ಸ್ಕೂಟರಿನ ಕೀಲಿ ತಿರುಗಿಸುವಾಗಲೂ ಅವರು ಹಿಂದಿರುಗಿ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ. ಇವರು ಹೆಗಲನ್ನೂ ಮುಟ್ಟದೆ ಒಪ್ಪಿಕೊಂಡರು ಎಂದೇ ನನಗೆ ಅನ್ನಿಸಿತು.

ಆದರೂ ಸಾಕ್ಷಿ ಬೇಕಲ್ಲ. ಅಭ್ಯಾಸಬಲ. ಮರುದಿನ ಮಧ್ಯಾಹ್ನ ಅವರು ಎಲ್ಲೋ ಹೊರಗೆ ಹೋಗಿದ್ದಾಗ ಮನೆಯ ಪರದೆಗಳನ್ನೆಲ್ಲ ಎಳೆದು ನೇರಳೆ ದೀಪ ಹಿಡಿದು ಹೊರಟೆ. ಮೊದಲು ಅವರ ಕೋಣೆ. ದಿಂಬಿನ ಮೂಲೆ ಸಣ್ಣಗೆ ಹೊಳೆಯಿತು, ಟವೆಲ್ಲು ಹೊಳೆಯಿತು, ಬಾಗಿಲ ಚಿಲಕದ ಒಳಬದಿ ಹೊಳೆಯಿತು. ಅವೆಲ್ಲ ಹೊಳೆಯಬೇಕಾದವೇ. ನಡುಮನೆಗೆ ತೆರೆಯುವ ಅವರ ಬಾಗಿಲಿನ ಹೊರಬದಿಗೆ ದೀಪ ಹಿಡಿದೆ. ಏನೂ ಇಲ್ಲ. ಹೊಸ್ತಿಲು, ನಡುಮನೆಯ ನೆಲ, ನನ್ನ ಬಾಗಿಲಿನ ಹಿಡಿ, ಎಲ್ಲೂ ಒಂದು ಚುಕ್ಕೆಯಿಲ್ಲ. ಆ ಮನುಷ್ಯ ನಿಯಮವನ್ನು ಗೆರೆ ದಾಟದೆ ಪಾಲಿಸಿದ್ದರು. ಬೀರುವಿನ ಹಿಡಿಗೆ ದೀಪ ಬಿಟ್ಟೆ. ಅಲ್ಲಿತ್ತು ಹೆಬ್ಬೆರಳಿನ ಗುರುತು, ಹಸಿರಾಗಿ. ನನ್ನ ಹೆಬ್ಬೆರಳಿಗಿಂತಲೂ ಚಿಕ್ಕದು.

"ಕತ್ತಲಲ್ಲಿ ಏನು ಮಾಡ್ತಿದೀಯೇ? ಟೀ ತಂದಿದೀನಿ," ಎನ್ನುತ್ತಾ ಅತ್ತೆ ಒಳಗೆ ಬಂದರು.

ದೀಪ ನನ್ನ ಕೈಯಲ್ಲೇ ಇತ್ತು. ತಿರುಗಿದೆ. ಲೋಟ ಹಿಡಿದ ಅವರ ಬೆರಳುಗಳ ಉಗುರ ಸಂದಿಯಲ್ಲಿ, ಚರ್ಮದ ಸುಕ್ಕುಗಳಲ್ಲಿ ಹಸಿರು ಹೊಳೆಯುತ್ತಿತ್ತು. ಎಷ್ಟು ಸಲ ತಿಕ್ಕಿ ತೊಳೆದಿದ್ದರೋ, ಬೆರಳ ತುದಿಗಳು ಒರಟಾಗಿದ್ದವು. ಅವರೂ ತಮ್ಮ ಕೈ ನೋಡಿಕೊಂಡರು. ಲೋಟವನ್ನು ಮೆಲ್ಲಗೆ ಕಿಟಕಿಕಟ್ಟೆಯ ಮೇಲಿಟ್ಟರು.

"ಆ ಚೀಲದಿಂದ ಕೈಗವಸು ತೆಗೆದ್ರಾ ಅತ್ತೆ?"

"ತೆಗೆದೆ. ಪೊಟ್ಟಣಕ್ಕೆಲ್ಲಾ ಸವರಿದೆ." ಅವರು ಸೆರಗಿಗೆ ಕೈ ಒರೆಸಿಕೊಂಡರು. "ನೀನೇ ಹೇಳಿದ್ದೆಯಲ್ಲ, ಒಂದು ಸಲ ಸೋಕಿದ್ರೆ ಸಾಕು ಅಂತ."

"ಆ ನೀರು ಕುಡಿದು ಮಕ್ಕಳು ಸಾಯ್ತಿದಾವೆ!"

"ನನ್ನ ಮಗನ ಹೊಟ್ಟೆ ಮೇಲೆ ಹೊಡೀತೀನಿ ಅಂತ ನೀನು ದಿನಾ ಹೇಳ್ತಿದ್ದೆ. ಕೇಳ್ಕೊಂಡು ಸುಮ್ನೆ ಕೂರೋಕೆ ನಾನೇನು ಗೋಡೇನಾ?"

"ಚಿಕ್ಕ ಮಗನೂ ನಿಮ್ಮ ಮಗನೇ ಅಲ್ವಾ? ತಪ್ಪು ಅವರ ತಲೆ ಮೇಲೆ ಬರುತ್ತೆ ಅಂತ ಗೊತ್ತಾಗ್ಲಿಲ್ವಾ?"

ಅವರು ನನ್ನನ್ನು ನಿಜವಾಗಿಯೂ ಅಚ್ಚರಿಯಿಂದ ನೋಡಿದರು. "ಅವನಿಗೇನಾಗುತ್ತೆ ಅಂದ್ಕೊಂಡೆ ಕಣೇ. ಹೆಂಡತಿ ಅದೇ ಆಫೀಸಲ್ಲಿದಾಳೆ, ಗಂಡನ್ನ ಬಿಟ್ಟುಕೊಡ್ತಾಳಾ ಅಂದ್ಕೊಂಡೆ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಜರಡಿ. ಉಸಿರು ಸಿಕ್ಕದೆ ಮಾತಾಡುತ್ತಿದ್ದರು. "ಬೇಗ ಬನ್ನಿ, ಕೆಳಬೀದಿಗೆ. ಒರತೆ ಹಸಿರಾಗಿದೆ!"

ಆಟೋ ಹಿಡಿದು ಓಡಿದೆ. ಬೀದಿಗೆ ಬೀದಿಯೇ ತೊಟ್ಟಿಯ ಸುತ್ತ ಸೇರಿತ್ತು. ಕೊಡ, ಬಕೆಟ್ಟು, ಪಾತ್ರೆ, ಎಲ್ಲದರಲ್ಲೂ ಎಳೆ ಹುಲ್ಲಿನ ಬಣ್ಣದ ನೀರು. ಬೀಗ ಹಾಕಿದ ಸರಳುಗಳ ಹಿಂದೆ, ಬಂಡೆಯ ಬಿರುಕಿನಿಂದಲೇ ಹಸಿರು ದಬದಬನೆ ಸುರಿಯುತ್ತಿತ್ತು. ದೀಪವೂ ಬೇಡ, ಪೊಟ್ಟಣವೂ ಬೇಡ, ಕಣ್ಣಿದ್ದರೆ ಸಾಕಿತ್ತು. ಇಷ್ಟು ಹಸಿರಾಗಬೇಕಾದರೆ ಅಳತೆಗಿಂತ ಹತ್ತಾರು ಪಟ್ಟು ಬಣ್ಣ ಸುರಿದಿರಬೇಕು. ನನ್ನ ಗಂಡ ತೊಟ್ಟಿಯ ಬದಿಯಲ್ಲಿ ನಿಂತು, "ಹೆದರಬೇಡಿ, ಈ ಬಣ್ಣದಿಂದ ಏನೂ ಆಗಲ್ಲ. ಆದ್ರೆ ಈ ನೀರು ಕುಡೀಬೇಡಿ, ಇದು ಲಾಂಡ್ರಿ ಗುಂಡಿಯಿಂದ ಬರ್ತಿರೋ ನೀರು," ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಆ ಹುಡುಗಿಯ ತಾಯಿ ಕೊಡವನ್ನು ಹಾಗೇ ನೆಲಕ್ಕೆ ಸುರಿದಳು.

ಅಷ್ಟರಲ್ಲಿ ಭಾವನ ಕಾರು ಬಂತು. ಇಳಿಯುತ್ತಲೇ ಶುರುಮಾಡಿದರು.

"ಇದೆಲ್ಲಾ ನಾಟಕ! ಇವನು ಪರೀಕ್ಷೇಲಿ ಮೋಸ ಮಾಡಿ ಸಿಕ್ಕಿಬಿದ್ದಿದಾನೆ. ಆಫೀಸಿಂದಲೇ ಹೊರಗೆ ಹಾಕಿದಾರೆ. ಇವನು ಮಾಡಿದ ಪರೀಕ್ಷೆ ಯಾವ ಲೆಕ್ಕಕ್ಕೂ ಇಲ್ಲ. ನಾನು ಹೇಳ್ತಿಲ್ಲ, ಇವನ ಹೆಂಡತಿನೇ ಹೇಳಿದಾಳೆ. ಕೇಳಿ ಬೇಕಾದ್ರೆ!"

ಜನ ನನ್ನ ಕಡೆ ತಿರುಗಿದರು. ಜರಡಿ ಅತ್ತ ಇತ್ತ ನೋಡುತ್ತಾ ಬೆವರೊರೆಸಿಕೊಂಡರು. ನನ್ನ ಮಾತನ್ನೇ ಹಿಡಿದು ಭಾವ ಗೆಲ್ಲುತ್ತಿದ್ದರು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

"ಹೇಳಿದ್ದು ನಿಜ," ಎಂದೆ. "ನಾನು ಹೇಳಿದ್ದು ಸುಳ್ಳು. ಇವರು ಪೊಟ್ಟಣದ ಹತ್ತಿರಾನೂ ಹೋಗಿಲ್ಲ. ಕೆಡಿಸಿದವರು ಒಪ್ಕೊಂಡಿದಾರೆ, ಹೆಸರನ್ನ ಸಾರ್‌ಗೆ ಬರೆದು ಕೊಡ್ತೀನಿ. ನಿಮಗೆ ಈಗಲೇ ತಿಳೀಬೇಕಾದ್ರೆ ನಮ್ಮ ಮನೆಗೆ ಹೋಗಿ ಭಾವ, ಅತ್ತೆಯ ಕೈ ನೋಡಿ. ಇನ್ನು ಈ ಬಂಡೆ ಒಳಗೆ ಕೈ ಹಾಕಿ ಹಸಿರು ಬಳಿಯೋದು ನನಗೂ ಆಗಲ್ಲ, ಇವರಿಗೂ ಆಗಲ್ಲ."

ಭಾವ ಕಾರಿನ ಕಡೆಗೆ ಹಿಂದೆ ಸರಿದರು. ಜರಡಿಗೆ ಎಲ್ಲಿಂದ ಧೈರ್ಯ ಬಂತೋ, ಅಲ್ಲಿಯೇ ನಿಂತು ಗುಂಡಿಯ ಕೊಳವೆಗೆ ಇವತ್ತೇ ಮುಚ್ಚಳ ಬೀಳಬೇಕು ಎಂದು ಗುಡುಗಿದರು. ಕೆಳಬೀದಿಗೆ ಟ್ಯಾಂಕರ್ ನೀರಿಗೂ ಫೋನು ಮಾಡಿದರು. ಜನ ಭಾವನ ಕಾರಿನ ಸುತ್ತ ಸೇರಿಕೊಂಡರು.

ನಾನು ತೊಟ್ಟಿಯ ಆಚೆ ಬದಿಗೆ ಹೋದೆ. ನನ್ನ ಗಂಡ ಬಾಟಲಿಗಳಿಗೆ ಹಸಿರು ನೀರು ತುಂಬುತ್ತಿದ್ದರು.

"ಅಷ್ಟೊಂದು ಬಣ್ಣ ಯಾಕೆ ಸುರಿದ್ರಿ?"

"ಪೊಟ್ಟಣ ಸುಳ್ಳು ಹೇಳಿದ್ರೂ ನೀರು ಹೇಳಬಾರದು ಅಂತ."

"ಅತ್ತೆ ಹೀಗೆ ಮಾಡ್ತಾರೆ ಅಂತ ಮೊದ್ಲೇ ಗೊತ್ತಿತ್ತಾ?"

"ಅಮ್ಮನಾ?" ಅವರು ಬಾಟಲಿಯಿಂದ ತಲೆಯೆತ್ತಿದರು. "ಅಮ್ಮ ಅಂತ ನೀನು ಹೇಳಿದಾಗಲೇ ಗೊತ್ತಾಗಿದ್ದು. ನಾನು ನೀನು ಅಂದ್ಕೊಂಡಿದ್ದೆ."

"ನಾನಾ?"

"ಅಣ್ಣನ ಮೇಲೆ ನಿನಗಿರೋ ಸಿಟ್ಟು ನಂಗೊತ್ತಿಲ್ವಾ? ಒರತೇಲಿ ಬಣ್ಣ ಬರದಿದ್ರೆ ಇವಳೇ ಪೊಟ್ಟಣಕ್ಕೆ ಹಚ್ಚಿಬಿಡ್ತಾಳೇನೋ ಅಂತ ಭಯ ಇತ್ತು. ಅದಕ್ಕೇ ಕಿಟಕೀಲಿ ನೋಡಿದ್ದು. ಅದಕ್ಕೇ ಡಬ್ಬಿಯಷ್ಟನ್ನೂ ಸುರಿದಿದ್ದು."

ಕೋಪ ನೆತ್ತಿಗೇರಿತು. ನನ್ನ ಮೇಲೆ, ಇಷ್ಟು ವರ್ಷ ಜೊತೆಗೆ ಬಾಳಿದವಳ ಮೇಲೆ ಇಂಥ ಅನುಮಾನವೇ ಎಂದು ಕೂಗಲು ಬಾಯಿ ತೆರೆದೆ. ಆಗ ನಿನ್ನೆಯ ಕೋಣೆ, ಮೇಜಿನ ಮೇಲಿನ ಕನ್ನಡಕ, ನನ್ನನ್ನು ನೋಡುತ್ತಾ ನಿಂತಿದ್ದ ಅವರ ಮುಖ ಕಣ್ಣ ಮುಂದೆ ಬಂತು.

"ಹಾಗಾದ್ರೆ ಸಾರ್ ಎದುರು ಯಾಕೆ ಸುಮ್ಮನಿದ್ರಿ?"

ಅವರು ಬಾಟಲಿಯ ಮುಚ್ಚಳವನ್ನು ಬಿಗಿಮಾಡಿದರು. "ನಾನಲ್ಲ ಅಂದಿದ್ರೆ ಮುಂದಿನ ಪ್ರಶ್ನೆ ಏನು ಬರ್ತಿತ್ತು? ಮತ್ಯಾರು ಅಂತ ಕೇಳ್ತಿದ್ರು."

ಆಗ ಅರ್ಥವಾಯಿತು. ತಪ್ಪು ನನ್ನದೆಂದು ನಂಬಿಕೊಂಡೇ ಅವರು ಅದನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡಿದ್ದರು. ನಾನು ಕೈತಪ್ಪಿ ಆಯಿತೆನ್ನುವಷ್ಟು ಜಾಗವನ್ನೂ ಅವರಿಗೆ ಬಿಟ್ಟಿರಲಿಲ್ಲ. ಜನರೆದುರೇ ಅಳು ಬಂತು, ತಡೆಯಲು ಹೋಗಲಿಲ್ಲ. ಅವರು ತುಂಬಿದ ಬಾಟಲಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಜೋಡಿಸಿಕೊಂಡು, ಗುಂಪನ್ನು ಸರಿಸಿಕೊಂಡು, ಸ್ಕೂಟರಿನ ಕಡೆಗೆ ನಡೆದರು.